ಹಡಗಿನ ಚುಕ್ಕಾಣಿ ಯಾರ ಕೈಗೆ? ಪ್ಲೇಟೊ ಓದುತ್ತಾ ಹತ್ತಿಕೊಂಡ ಜಗಳ

ಓದುಗೂಬೆ · ಭಾನುವಾರ ಮಧ್ಯಾಹ್ನ

ಎಲ್ಲರಿಗೂ ನಮಸ್ಕಾರ. ನಾವು ನಾಲ್ಕು ಜನ ಗೆಳೆಯರು ಎರಡು ತಿಂಗಳಿಂದ ಪ್ರತಿ ಭಾನುವಾರ ಬೆಳಿಗ್ಗೆ ಕೂತು ಹಳೇ ಗ್ರೀಸಿನ ತತ್ವಜ್ಞಾನಿ ಪ್ಲೇಟೊನ 'ರಿಪಬ್ಲಿಕ್' ಓದುತ್ತಿದ್ದೇವೆ. ಒಟ್ಟು ಹತ್ತು ಭಾಗ. ಇವತ್ತು ಆರನೆಯದಕ್ಕೆ ಬಂದೆವು. ಬಂದದ್ದೇ ತಡ, ಜಗಳ ಹತ್ತಿಕೊಂಡಿತು. ಕಾಫಿ ಆರಿಹೋದರೂ ಯಾರೂ ಲೋಟ ಮುಟ್ಟಲಿಲ್ಲ.

ಜಗಳಕ್ಕೆ ಕಾರಣ ಒಂದು ಹಡಗು. ತನ್ನ ಗುರು ಸಾಕ್ರಟೀಸ್ ಬಾಯಲ್ಲಿ ಪ್ಲೇಟೊ ಹೇಳಿಸುವ ಕತೆ ಇದು. ಹಡಗಿನ ಯಜಮಾನ ಆಳು ದೊಡ್ಡವನು, ಗಟ್ಟಿಗ. ಆದರೆ ಕಿವಿ ಸ್ವಲ್ಪ ಮಂದ, ಕಣ್ಣೂ ಅಷ್ಟಕ್ಕಷ್ಟೆ, ಹಡಗು ನಡೆಸುವ ವಿದ್ಯೆಯೂ ಅಷ್ಟರಲ್ಲೇ ಇದೆ. ನಾವಿಕರೆಲ್ಲ 'ಚುಕ್ಕಾಣಿ ನನಗೆ ಕೊಡು, ನನಗೆ ಕೊಡು' ಅಂತ ಅವನನ್ನು ಮುತ್ತಿಕೊಂಡಿದ್ದಾರೆ. ಅವರಲ್ಲಿ ಒಬ್ಬನೂ ಆ ವಿದ್ಯೆ ಕಲಿತವನಲ್ಲ. ಅದು ಕಲಿಸಿ ಬರುವಂಥದ್ದೇ ಅಲ್ಲ ಅಂತ ವಾದ ಬೇರೆ. ಕಲಿಸಬಹುದು ಅಂದವನನ್ನು ಕಡಿದು ಹಾಕಲೂ ತಯಾರು. ಕೊನೆಗೆ ಯಜಮಾನನಿಗೆ ಹೆಂಡವನ್ನೋ ಮತ್ತು ಬರಿಸುವ ಬೇರನ್ನೋ ಕುಡಿಸಿ ಮಲಗಿಸುತ್ತಾರೆ. ಹಡಗಿನಲ್ಲಿದ್ದ ಸಾಮಾನನ್ನೆಲ್ಲ ತಿಂದು ಕುಡಿದು ಮಜಾ ಮಾಡುತ್ತಾ ಸಾಗುತ್ತಾರೆ. ಗಾಳಿ, ಋತು, ನಕ್ಷತ್ರ ನೋಡಿ ದಾರಿ ತಿಳಿಯುವ ನಿಜವಾದ ಚುಕ್ಕಾಣಿಗನೂ ಇದ್ದಾನೆ. ಅವನು ಮಾತ್ರ ಇವರ ಕಣ್ಣಿಗೆ ಆಕಾಶ ನೋಡಿಕೊಂಡು ಹರಟುವ ನಿಷ್ಪ್ರಯೋಜಕ.

ಯಜಮಾನ ಅಂದರೆ ಅಥೆನ್ಸಿನ ಜನ. ನಾವಿಕರು ಅಂದರೆ ಅವರ ಬೆನ್ನುಬಿದ್ದ ಮುಖಂಡರು. ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನನ್ನ ಪ್ರಶ್ನೆ ಎರಡು. ಆಡಳಿತ ಅನ್ನೋದು ವೈದ್ಯಕೀಯದ ಹಾಗೆ, ಕಲಿತವರಿಗೇ ಬಿಡಬೇಕಾದ ವಿದ್ಯೆಯಾ? ಹಾಗಲ್ಲ ಅನ್ನೋಕೆ ನನಗಂತೂ ಏನೂ ತೋಚುತ್ತಿಲ್ಲ. ಇನ್ನೊಂದು, ರಾಜ್ಯದ ಬಗ್ಗೆ ಹೇಳಲು ಕೂತವನು ಪದೇ ಪದೇ ಆತ್ಮದ ಕಡೆಗೆ ಯಾಕೆ ಓಡುತ್ತಾನೆ?

ಪಿಂಚಣಿ ಮೇಷ್ಟ್ರು · ಭಾನುವಾರ ಸಂಜೆ

ಬರೆದವನ ಸಂಕಟ ಗೊತ್ತಿಲ್ಲದೆ ಆ ಹಡಗಿನ ಕತೆ ಪೂರ್ತಿ ಅರ್ಥವಾಗುವುದಿಲ್ಲ. ಸ್ವಲ್ಪ ಹಿಂದಕ್ಕೆ ಹೋಗೋಣ.

ಕ್ರಿ.ಪೂ. 404ರಲ್ಲಿ ಅಥೆನ್ಸ್ ಸ್ಪಾರ್ಟಾಕ್ಕೆ ಸೋತಿತು. ಸ್ಪಾರ್ಟಾದ ಬೆಂಬಲದಿಂದ ಮೂವತ್ತು ಜನರ ಗುಂಪೊಂದು ಅಧಿಕಾರ ಹಿಡಿಯಿತು. ಅದರ ಮುಖ್ಯಸ್ಥ ಕ್ರಿಟಿಯಾಸ್, ಪ್ಲೇಟೊನ ತಾಯಿಯ ದಾಯಾದಿ. ಅವರ ಜೊತೆಗೆ ಸೇರಿದ್ದ ಖಾರ್ಮಿಡೀಸ್ ಸ್ವಂತ ಸೋದರಮಾವ. ಪ್ಲೇಟೊಗೆ ಆಗ ಇಪ್ಪತ್ತನಾಲ್ಕರ ಆಸುಪಾಸು. ತಿಳಿದವರು, ಮನೆತನಸ್ಥರು ಆಳಿದರೆ ಹೇಗಿರುತ್ತೆ ಅಂತ ಅವನು ಮನೆಯಲ್ಲೇ ನೋಡಿದ. ಒಂದು ವರ್ಷ ತುಂಬುವುದರೊಳಗೆ ಅವರು ಕೊಲ್ಲಿಸಿದ್ದು ಸುಮಾರು 1500 ಜನರನ್ನು.

ಆ ಮೂವತ್ತು ಜನ ಸಾಕ್ರಟೀಸನನ್ನೂ ಇನ್ನು ನಾಲ್ವರನ್ನೂ ಕರೆಸಿ, ಸಲಾಮಿಸ್ ದ್ವೀಪದಿಂದ ಲಿಯೊನ್ ಎಂಬವನನ್ನು ಹಿಡಿದು ತನ್ನಿ, ಕೊಲ್ಲಬೇಕು ಅಂದರು. ನಾಲ್ವರು ಹೋದರು. ಸಾಕ್ರಟೀಸ್ ಎದ್ದು ಸುಮ್ಮನೆ ಮನೆಗೆ ಹೋದ. ಅಷ್ಟೇ. ಭಾಷಣ ಇಲ್ಲ, ಬಂಡಾಯ ಇಲ್ಲ.

403ರಲ್ಲಿ ಜನರ ಆಡಳಿತ ವಾಪಸ್ ಬಂತು. ಅದೇ ಆಡಳಿತ 399ರಲ್ಲಿ, ದೇವರನ್ನು ನಂಬುವುದಿಲ್ಲ, ಹುಡುಗರನ್ನು ಕೆಡಿಸುತ್ತಾನೆ ಅಂತ ಸಾಕ್ರಟೀಸನನ್ನು ಕಟಕಟೆಗೆ ತಂದಿತು. ತೀರ್ಪು ಕೊಟ್ಟವರು ಸುಮಾರು 500 ಮಂದಿ ಸಾಮಾನ್ಯ ಜನ. ಮೂವತ್ತು ಮತ ಆ ಕಡೆಯಿಂದ ಈ ಕಡೆ ಬಿದ್ದಿದ್ದರೆ ಬಿಡುಗಡೆಯಾಗುತ್ತಿತ್ತು ಅಂತ ಅವನೇ ಅಲ್ಲಿ ಹೇಳುತ್ತಾನೆ. ಏನು ಶಿಕ್ಷೆ ಬೇಕು ನೀನೇ ಹೇಳು ಅಂದಾಗ, ಗೆದ್ದ ಕ್ರೀಡಾಪಟುಗಳಿಗೆ ಕೊಡುವ ಹಾಗೆ ನನಗೂ ಸರ್ಕಾರಿ ಖರ್ಚಿನಲ್ಲಿ ಊಟ ಹಾಕಿ ಅಂದ! ಆಮೇಲೆ ಗೆಳೆಯರ ಒತ್ತಾಯಕ್ಕೆ ದಂಡದ ಮಾತೆತ್ತಿದ. ವಿಷದ ಬಟ್ಟಲು ತಪ್ಪಲಿಲ್ಲ.

ಅಂದರೆ ಪ್ಲೇಟೊಗೆ ಎರಡೂ ಕಡೆಯಿಂದ ಪೆಟ್ಟು. ಅವನು ಬರೀ ಜನರ ಆಡಳಿತವನ್ನು ದ್ವೇಷಿಸುವ ಸಿರಿವಂತ ಅಂತ ಓದಬೇಡಿ. ಸಿರಿವಂತರ ಆಡಳಿತವನ್ನು ಅವನು ಇನ್ನೂ ಹತ್ತಿರದಿಂದ ನೋಡಿದ್ದ.

ತೆಂಗಿನಗರಿ · ಭಾನುವಾರ ರಾತ್ರಿ

ಎರಡನೇ ಪ್ರಶ್ನೆಗೆ ನಾನು ಬರ್ತೇನೆ. ಮೊದಲು ಎರಡು ಪದ ಸರಿ ಮಾಡಿಕೊಳ್ಳುವ.

ಕನ್ನಡದಲ್ಲಿ 'ಸದ್ಗುಣ' ಅಂತ ಓದುತ್ತೇವಲ್ಲ, ಗ್ರೀಕಿನಲ್ಲಿ ಅದು ಅರೆಟೆ. ಸದ್ಗುಣ ಅಂದ ಕೂಡಲೇ ನನಗೆ ಶಾಲೆಯ ಗೋಡೆಯ ಮೇಲಿನ ಬರಹ ನೆನಪಾಗುತ್ತದೆ. ಅರೆಟೆ ಹಾಗಲ್ಲ, ಅದು ಕತ್ತಿಗೂ ಉಂಟು, ಕುದುರೆಗೂ ಉಂಟು. ಮೊದಲ ಭಾಗದಲ್ಲೇ ಬರುತ್ತದೆ ನೋಡಿ: ದ್ರಾಕ್ಷಿ ಬಳ್ಳಿಯನ್ನು ಬಾಕುವಿನಿಂದಲೂ ಕತ್ತರಿಸಬಹುದು, ಉಳಿಯಿಂದಲೂ ಕತ್ತರಿಸಬಹುದು. ಆದರೆ ಅದಕ್ಕೆಂದೇ ಮಾಡಿದ ಕತ್ತಿಯಷ್ಟು ಚೆನ್ನಾಗಿ ಯಾವುದೂ ಕತ್ತರಿಸದು. ಪ್ರತಿಯೊಂದಕ್ಕೂ ಅದರದ್ದೇ ಕೆಲಸ, ಆ ಕೆಲಸ ಚೆನ್ನಾಗಿ ಮಾಡುವ ಗುಣವೇ ಅರೆಟೆ. ಹಾಗಾದರೆ ಮನುಷ್ಯನ ಒಳಗಿರುವುದರ ಕೆಲಸ ಏನು? ಬದುಕುವುದು. ಚೆನ್ನಾಗಿ ಬದುಕುವುದೇ ಅದರ ಅರೆಟೆ.

ಇನ್ನು 'ಆತ್ಮ'. ಗ್ರೀಕಿನಲ್ಲಿ ಸೈಕಿ. ನಮ್ಮ ವೇದಾಂತದ ಆತ್ಮವನ್ನು ಇಲ್ಲಿಗೆ ತಂದರೆ ದಾರಿ ತಪ್ಪುತ್ತೇವೆ. ನನಗೆ 'ಜೀವ' ಅನ್ನುವುದೇ ಹತ್ತಿರ ಅನ್ನಿಸ್ತದೆ. ಗ್ರೀಕ್ ಮಹಾಕವಿ ಹೋಮರನಲ್ಲಿ ಸಾಯುವವನ ಹಲ್ಲಿನ ಬೇಲಿ ದಾಟಿ ಹೋಗುವುದು ಇದೇ ಸೈಕಿ. 'ಜೀವ ಹೋಯ್ತು' ಅಂತೇವಲ್ಲ, ಹಾಗೆ.

ಈಗ ನಿಮ್ಮ ಪ್ರಶ್ನೆ. ನನ್ನ ಓದಿನ ಪ್ರಕಾರ ಅದು ತಿರುವುಮುರುವಾಗಿದೆ. ಅವರು ಮಾತಿಗೆ ಕೂತದ್ದೇ ಒಬ್ಬ ಮನುಷ್ಯನಲ್ಲಿ ನ್ಯಾಯ ಅಂದರೆ ಏನು ಅಂತ ನೋಡಲಿಕ್ಕೆ. ಅದು ದೂರದಲ್ಲಿರುವ ಸಣ್ಣಕ್ಷರ, ಓದಲಿಕ್ಕೆ ಕಷ್ಟ. ಅದನ್ನೇ ಬೇರೆ ಕಡೆ ದೊಡ್ಡಕ್ಷರದಲ್ಲಿ ಬರೆದಿದ್ದರೆ ಮೊದಲು ಅದನ್ನು ಓದಿಕೊಳ್ಳಬಹುದು ಅಂತಾನೆ ಸಾಕ್ರಟೀಸ್. ಆ ದೊಡ್ಡಕ್ಷರವೇ ಊರು. ರಾಜ್ಯ ಬಂದದ್ದು ಜೀವವನ್ನು ಓದಲಿಕ್ಕೆ.

ನಾಲ್ಕನೇ ಭಾಗದ ಲಿಯೊಂಟಿಯಸನ ಕತೆ ಇನ್ನೊಮ್ಮೆ ಓದಿ. ಪಿರೇಯಸ್ ಬಂದರಿನಿಂದ ಊರಿಗೆ ನಡೆದು ಬರ್ತಾ ಇದ್ದಾನೆ. ಉತ್ತರದ ಗೋಡೆಯ ಹೊರಗೆ, ಗಲ್ಲಿಗೇರಿಸುವ ಆಳಿನ ಹತ್ತಿರ ಹೆಣಗಳು ಬಿದ್ದಿವೆ. ನೋಡಬೇಕು ಅಂತ ಆಸೆ, ಛೀ ಅಂತ ಅಸಹ್ಯ. ಮುಖ ಮುಚ್ಚಿಕೊಂಡು ಸ್ವಲ್ಪ ಹೊತ್ತು ಒದ್ದಾಡ್ತಾನೆ. ಕೊನೆಗೆ ತಡೆಯಲಾಗದೆ ಕಣ್ಣು ಅಗಲಿಸಿಕೊಂಡು ಹೆಣಗಳ ಹತ್ತಿರ ಓಡಿ, ತನ್ನ ಕಣ್ಣಿಗೇ ಬೈತಾನೆ: ತಗೊಳ್ಳಿ ದರಿದ್ರಗಳೇ, ಈ ಚಂದದ ನೋಟವನ್ನು ಹೊಟ್ಟೆ ತುಂಬ ನೋಡಿ! ರಸ್ತೆಯಲ್ಲಿ ಅಪಘಾತವಾದರೆ ಬಸ್ಸಿನ ಕಿಟಕಿಯಿಂದ ತಲೆಗಳೆಲ್ಲ ಹೊರಗೆ ಬರ್ತವಲ್ಲ, ನನ್ನದೂ ಬಂದಿದೆ, ಅಲ್ಲಿ ಲಿಯೊಂಟಿಯಸ್ ಇದ್ದಾನೆ.

ಆಸೆ ಒಂದು ಕಡೆ ಎಳೆಯಿತು, ರೋಷ ಅದಕ್ಕೇ ಬೈಯಿತು. ಅಂದರೆ ಎರಡೂ ಒಂದೇ ಅಲ್ಲ. ಇವೆರಡರ ಮೇಲೆ ಲೆಕ್ಕ ಹಾಕುವ ಬುದ್ಧಿ. ಒಟ್ಟು ಮೂರು ಪಾಲು. ಊರಿನಲ್ಲೂ ಮೂರು: ಆಳುವವರು, ಕಾಯುವವರು, ದುಡಿದು ಬೆಳೆಯುವವರು. ಆಳುವವರಿಗೆ ವಿವೇಕ, ಕಾಯುವವರಿಗೆ ಧೈರ್ಯ. ಯಾರು ಆಳಬೇಕು ಅನ್ನುವುದರಲ್ಲಿ ಮೂವರಿಗೂ ಒಮ್ಮತವಿದ್ದರೆ ಅದು ಸಂಯಮ. ಪ್ರತಿಯೊಬ್ಬರೂ ತಮ್ಮ ತಮ್ಮ ಕೆಲಸ ಮಾಡಿಕೊಂಡಿದ್ದರೆ ನ್ಯಾಯ.

ಸುಮ್ನೆ ಓದ್ತೀನಿ · ಸೋಮವಾರ ಬೆಳಿಗ್ಗೆ

ಇದು ಕಠೋಪನಿಷತ್ತಿನ ರಥದ ಹಾಗೇ ಇದೆ ಅಲ್ವಾ? ಪ್ಲೇಟೊನಲ್ಲೂ ರಥ, ಕುದುರೆ ಬರುತ್ತೆ ಅಂತ ಎಲ್ಲೋ ಓದಿದ ನೆನಪು.

ತೆಂಗಿನಗರಿ · ಸೋಮವಾರ ಬೆಳಿಗ್ಗೆ

ಬರ್ತದೆ, 'ಫೀಡ್ರಸ್' ಸಂವಾದದಲ್ಲಿ. ರೆಕ್ಕೆಯಿರುವ ಎರಡು ಕುದುರೆ. ಬಿಳಿಯದು ಮಾತು ಕೇಳ್ತದೆ. ಕಪ್ಪನೆಯದು ಕಿವಿಯ ತುಂಬ ಕೂದಲಿನ ಒರಟು ಪ್ರಾಣಿ, ಚಾಟಿಗೂ ಬಗ್ಗುವುದು ಕಷ್ಟ. ಹೋಲಿಕೆ ಚಂದ ಉಂಟು, ಆದರೆ ಒಂದು ಕಡೆ ಮುರಿಯುತ್ತದೆ. ಕಠದಲ್ಲಿ ಬುದ್ಧಿ ಸಾರಥಿ, ಮನಸ್ಸು ಲಗಾಮು, ಇಂದ್ರಿಯಗಳು ಕುದುರೆ. ಇವರೆಲ್ಲರ ಹಿಂದೆ ರಥದ ಒಡೆಯ ಅಂತ ಆತ್ಮ ಬೇರೆಯೇ ಕೂತಿರ್ತದೆ. ಪ್ಲೇಟೊನ ರಥದಲ್ಲಿ ಹಿಂದಿನ ಸೀಟು ಖಾಲಿ. ಸಾರಥಿ, ಕುದುರೆ ಎಲ್ಲ ಸೇರಿದ್ದೇ ಸೈಕಿ. ಆತ್ಮ ಅಂತ ಅನುವಾದಿಸಬೇಡಿ ಅಂದದ್ದು ಇದಕ್ಕೇ.

ಬಿಸಿಲೂರು · ಸೋಮವಾರ ಮಧ್ಯಾಹ್ನ

ಎಲ್ಲ ಓದಿದೆ. ಆ ಸುಳ್ಳಿನ ಸುದ್ದಿ ಮಾತ್ರ ಯಾರೂ ಎತ್ತಲಿಲ್ಲ.

ಮೂರನೇ ಭಾಗದ ಕೊನೆಗೆ ಏನಿದೆ ಅಂತ ಹೇಳ್ರಿ. ಊರಿನವರಿಗೆಲ್ಲ ಒಂದು ಕತೆ ಕಟ್ಟಿ ಹೇಳಬೇಕಂತೆ. ನೀವೆಲ್ಲ ಭೂಮಿತಾಯಿಯ ಹೊಟ್ಟೆಯಲ್ಲಿ ಬೆಳೆದವರು, ಅಣ್ಣತಮ್ಮಂದಿರು. ಆದರೆ ದೇವರು ನಿಮ್ಮನ್ನು ಮಾಡುವಾಗ ಆಳುವವರಲ್ಲಿ ಬಂಗಾರ ಬೆರೆಸಿದ, ಕಾಯುವವರಲ್ಲಿ ಬೆಳ್ಳಿ, ರೈತರಲ್ಲಿ, ಕಸುಬುದಾರರಲ್ಲಿ ಕಬ್ಬಿಣ, ಕಂಚು. ಇದು ಸುಳ್ಳು ಅಂತ ಹೇಳುವವನಿಗೇ ಗೊತ್ತು. ಮೊದಲ ತಲೆಮಾರು ನಂಬಲಿಕ್ಕಿಲ್ಲ, ಮುಂದಿನವರು ನಂಬಬಹುದು ಅಂತ ಮಾತು ಬೇರೆ ಆಡುತ್ತಾರೆ. ಇದನ್ನು ಕೇಳಿದ ಕೂಡಲೇ ನನಗೆ ಏನು ನೆನಪಾಯ್ತು ಅಂತ ಬಿಡಿಸಿ ಹೇಳಬೇಕಾ? ಬಾಯಿ, ತೋಳು, ತೊಡೆ, ಪಾದ. ಹೆಸರು ಬೇರೆ, ಧಾಟಿ ಅದೇ.

ಪಿಂಚಣಿ ಮೇಷ್ಟ್ರು · ಸೋಮವಾರ ಸಂಜೆ

ನಿಮ್ಮ ಸಿಟ್ಟು ನ್ಯಾಯವೇ. ಆದರೂ ಮೂರು ವ್ಯತ್ಯಾಸ ಹೇಳಿಬಿಡುತ್ತೇನೆ, ಆಮೇಲೆ ಬೈಯಿರಿ. ಬಂಗಾರದವರಿಗೆ ಕಂಚಿನ ಮಗು ಹುಟ್ಟಿದರೆ ಕನಿಕರ ಬಿಟ್ಟು ಕೆಳಗೆ ಕಳಿಸಬೇಕು, ಕಂಚಿನವರ ಮನೆಯಲ್ಲಿ ಬಂಗಾರ ಹುಟ್ಟಿದರೆ ಮೇಲಕ್ಕೆ ತರಬೇಕು ಅಂತ ಅದೇ ಕತೆಯಲ್ಲಿದೆ. ಆಳುವವರಿಗೆ ಸ್ವಂತ ಮನೆ, ಜಮೀನು, ಹಣ ಯಾವುದೂ ಇಲ್ಲ. ಊಟ ಸಾಮೂಹಿಕ. ಬೆಳ್ಳಿಯ ಲೋಟದಲ್ಲಿ ಕುಡಿಯುವ ಹಾಗೂ ಇಲ್ಲ. ಇನ್ನು ಐದನೇ ಭಾಗದಲ್ಲಿ, ಯೋಗ್ಯತೆಯಿದ್ದರೆ ಹೆಂಗಸರೂ ಆಳಬೇಕು, ಅವರಿಗೂ ಅದೇ ಓದು, ಅದೇ ವ್ಯಾಯಾಮ ಅಂತಾನೆ. ಅಥೆನ್ಸಿನಲ್ಲಿ ಹೆಂಗಸರಿಗೆ ಸಭೆಗೆ ಹೋಗುವ ಹಕ್ಕೇ ಇಲ್ಲದ ಕಾಲದಲ್ಲಿ.

ಬಿಸಿಲೂರು · ಸೋಮವಾರ ರಾತ್ರಿ

ಮೇಷ್ಟ್ರೇ, ಬೈಯೋದಿಲ್ಲ. ಒಂದೇ ಕೇಳ್ತೀನಿ. ಮಗು ಬಂಗಾರವೋ ಕಂಚೋ ಅಂತ ಉಜ್ಜಿ ನೋಡುವವರು ಯಾರು? ಬಂಗಾರದವರೇ ತಾನೆ? ಒರೆಗಲ್ಲು ಅವರ ಕೈಯಲ್ಲೇ ಇದ್ದರೆ ಫಲಿತಾಂಶ ಏನಾಗುತ್ತದೆ ಅಂತ ನಮಗೆ ಗೊತ್ತಿಲ್ಲವಾ?

ಅಂಬೇಡ್ಕರ್ ಇದಕ್ಕೆ ನೇರವಾಗಿಯೇ ಉತ್ತರ ಕೊಟ್ಟಿದ್ದಾರೆ. 1936ರಲ್ಲಿ ಲಾಹೋರಿನ ಸಭೆಗೆಂದು ಬರೆದು, ಸಭೆ ರದ್ದಾದ ಮೇಲೆ ತಾವೇ ಅಚ್ಚು ಹಾಕಿಸಿದರಲ್ಲ, ಆ ಭಾಷಣದಲ್ಲಿ. ಗುಣ ನೋಡಿ ವರ್ಣ ಅನ್ನುವವರಿಗೆ ಅವರು ಪ್ಲೇಟೊನನ್ನೇ ಎದುರಿಗೆ ತಂದು ನಿಲ್ಲಿಸುತ್ತಾರೆ. ಮನುಷ್ಯರನ್ನು ಮೂರು ಡಬ್ಬಿಯಲ್ಲಿ ತುಂಬೋದು ಮನುಷ್ಯನನ್ನು ಮೇಲ್ಮೇಲೆ ನೋಡಿದ ಹಾಗೆ. ಒಬ್ಬೊಬ್ಬನೂ ಬೇರೆ, ಒಬ್ಬನೊಳಗೇ ನೂರು ಒಲವು. ಪ್ಲೇಟೊನ ರಾಜ್ಯ ಯಾವ ಕಾರಣಕ್ಕೆ ಬೀಳುತ್ತೋ ಚಾತುರ್ವರ್ಣ್ಯವೂ ಅದೇ ಕಾರಣಕ್ಕೆ ಬೀಳುತ್ತದೆ ಅನ್ನೋದು ಅವರ ವಾದ.

ತೆಂಗಿನಗರಿ ಅಕ್ಕಾ, ನಿಮ್ಮ ಲಿಯೊಂಟಿಯಸ್‌ಗೆ ಬರೋಣ. ಒಬ್ಬನ ಒಳಗೇ ಬುದ್ಧಿ, ರೋಷ, ಆಸೆ ಮೂರೂ ಇವೆ ಅಂತಾದರೆ, ಊರಿಗೆ ಬಂದಾಗ ಒಬ್ಬ ರೈತನನ್ನು ಬರೀ ಆಸೆ ಅಂತ ಯಾಕೆ ಮಾಡಬೇಕು? ಅವನೊಳಗಿನ ಬುದ್ಧಿ ಎಲ್ಲಿಗೆ ಹೋಯ್ತು?

ತೆಂಗಿನಗರಿ · ಸೋಮವಾರ ರಾತ್ರಿ

ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಪ್ಲೇಟೊನ ಹತ್ತಿರವೂ ಇಲ್ಲ ಅಂತ ಕಾಣ್ತದೆ.

ಕಲ್ಲುಬಂಡೆ · ಮಂಗಳವಾರ ಬೆಳಿಗ್ಗೆ

ಕಳೆದ ವರ್ಷ ಅಥೆನ್ಸಿಗೆ ಹೋಗಿದ್ದೆ. ಹಳೇ ಪೇಟೆಚೌಕದಲ್ಲಿ ಅಟ್ಟಾಲೋಸನ ಕಂಬಸಾಲು ಅಂತ ಒಂದು ಉದ್ದನೆಯ ಕಟ್ಟಡ, 1950ರ ದಶಕದಲ್ಲಿ ಮತ್ತೆ ಕಟ್ಟಿದ್ದು. ಅದರೊಳಗೆ ಮ್ಯೂಸಿಯಂ. ಎಲ್ಲರೂ ಅಕ್ರೊಪೊಲಿಸ್ ಅಂತ ಓಡ್ತಾರೆ, ನಾನು ಈ ಮ್ಯೂಸಿಯಂನಲ್ಲಿ ಅರ್ಧ ದಿನ ಕಳೆದೆ. ಯಾಕಂದ್ರೆ ಪ್ಲೇಟೊನಿಗೆ ಎದುರಾಡುವ ಒಂದು ಕಲ್ಲು ಅಲ್ಲಿದೆ.

ಅಮೃತಶಿಲೆಯ ಚಪ್ಪಡಿ, ಮುರಿದದ್ದು. ಅದರ ತುಂಬ ಸಾಲುಸಾಲಾಗಿ ಕಿರಿದಾದ ಸೀಳುಗಳು. ಹೆಸರು ಕ್ಲೆರೊಟೀರಿಯನ್. ನಮ್ಮ ಮಾತಲ್ಲಿ ಹೇಳೋದಾದರೆ ಚೀಟಿ ಎತ್ತುವ ಯಂತ್ರ. ಪ್ರತಿಯೊಬ್ಬ ನಾಗರಿಕನೂ ತನ್ನ ಹೆಸರು ಕೊರೆದ ತಗಡನ್ನು ಒಂದು ಸೀಳಿಗೆ ಸಿಗಿಸುತ್ತಾನೆ. ಪಕ್ಕದಲ್ಲಿ ಒಂದು ಕೊಳವೆ. ಮೇಲಿನಿಂದ ಕಪ್ಪು, ಬಿಳಿ ಗುಂಡುಗಳನ್ನು ಕಲಸಿ ಸುರಿಯುತ್ತಾರೆ. ಕೆಳಗೆ ಒಂದೊಂದೇ ಬೀಳುತ್ತೆ. ಬಿಳಿ ಬಿದ್ದರೆ ಆ ಅಡ್ಡಸಾಲಿನವರೆಲ್ಲ ಇವತ್ತು ನ್ಯಾಯಾಧೀಶರು, ಕಪ್ಪು ಬಿದ್ದರೆ ಆ ಸಾಲು ಮನೆಗೆ. ಲಂಚ ಕೊಡೋಣ ಅಂದರೆ ಯಾರಿಗೆ ಕೊಡೋದು?

ಮತ ಹಾಕುವ ಬಿಲ್ಲೆಗಳೂ ಇವೆ. ಇವು ಸಾಕ್ರಟೀಸ್ ಸತ್ತ ನಂತರದ ಕಾಲದವು. ಕಂಚಿನ ಸಣ್ಣ ಚಕ್ರ, ನಡುವೆ ಗಿಡ್ಡ ಅಚ್ಚು. ಒಂದರ ಅಚ್ಚು ಟೊಳ್ಳು, ಇನ್ನೊಂದರದು ಗಟ್ಟಿ. ಟೊಳ್ಳು ದೂರು ಕೊಟ್ಟವನಿಗೆ, ಗಟ್ಟಿ ಆರೋಪಿಗೆ. ಹೆಬ್ಬೆರಳು, ತೋರುಬೆರಳಲ್ಲಿ ಅಚ್ಚಿನ ಎರಡೂ ತುದಿ ಒತ್ತಿ ಹಿಡಿದರೆ ಯಾವುದು ಹಾಕಿದೆ ಅಂತ ಪಕ್ಕದವನಿಗೂ ಗೊತ್ತಾಗಲ್ಲ.

ಇನ್ನೊಂದು ಮಣ್ಣಿನ ಪಾತ್ರೆ. ನೀರಿನ ಗಡಿಯಾರ. ಬುಡದಲ್ಲಿ ತೂತು, ಸುಮಾರು ಆರು ಲೀಟರ್ ಹಿಡಿಯುತ್ತೆ, ಆರು ನಿಮಿಷದಲ್ಲಿ ಖಾಲಿ. ನೀರು ನಿಂತರೆ ಮಾತೂ ನಿಲ್ಲಬೇಕು. ಅದರ ಮೇಲೆ ಆಂಟಿಯೋಕಿಸ್ ಅಂತ ಒಂದು ಕುಲದ ಹೆಸರಿದೆ. ಅಥೆನ್ಸಿನ ಹತ್ತು ಕುಲಗಳಲ್ಲಿ ಸಾಕ್ರಟೀಸನದೂ ಅದೇ. ಗಾಜಿನ ಮುಂದೆ ನಿಂತು ಮೈ ಜುಂ ಅಂತು.

ಊರಿನ ಆಡಳಿತ ನೋಡುವ ಐನೂರು ಜನರ ಮಂಡಳಿಗೂ ಚೀಟಿಯೇ. ಆದರೆ ಸೇನಾಪತಿಗಳು ಹತ್ತು ಜನ, ಅವರನ್ನು ಮಾತ್ರ ಕೈಯೆತ್ತಿ ಆರಿಸುತ್ತಿದ್ದರು. ಇದನ್ನು ಗಮನಿಸಿ. ಯುದ್ಧಕ್ಕೆ ವಿದ್ಯೆ ಬೇಕು ಅಂತ ಅವರಿಗೂ ಗೊತ್ತಿತ್ತು. ಹಡಗು ಕಟ್ಟುವ ಚರ್ಚೆ ಬಂದರೆ ಹಡಗು ಕಟ್ಟುವವನನ್ನೇ ಕರೀತಿದ್ದರು, ಬೇರೆಯವನು ಬಾಯಿ ಹಾಕಿದರೆ ಕೂಗಿ ಕೂರಿಸುತ್ತಿದ್ದರು. ಆದರೆ ಯುದ್ಧ ಮಾಡಬೇಕಾ ಬೇಡವಾ ಅಂತ ಬಂದಾಗ ಬಡಗಿ, ಚಮ್ಮಾರ, ವ್ಯಾಪಾರಿ ಯಾರು ಬೇಕಾದರೂ ಎದ್ದು ನಿಲ್ಲಬಹುದು. ಇದು ಯಾಕೆ ಹೀಗೆ ಅಂತ ಪ್ಲೇಟೊನ ಇನ್ನೊಂದು ಸಂವಾದದಲ್ಲೇ ಪ್ರೊಟಾಗೊರಸ್ ಎಂಬ ಪಂಡಿತ ಹೇಳುತ್ತಾನೆ. ಸ್ಯೂಸ್ ದೇವರು ಮನುಷ್ಯರಿಗೆ ನಾಚಿಕೆಯನ್ನೂ ನ್ಯಾಯದ ಅರಿವನ್ನೂ ಕಳಿಸಿದ. ವೈದ್ಯವಿದ್ಯೆಯ ಹಾಗೆ ಒಬ್ಬಿಬ್ಬರಿಗೆ ಕೊಡಲಾ, ಎಲ್ಲರಿಗೂ ಹಂಚಲಾ ಅಂತ ದೇವದೂತ ಹರ್ಮಿಸ್ ಕೇಳಿದ್ದಕ್ಕೆ, ಎಲ್ಲರಿಗೂ ಹಂಚು, ಇಲ್ಲದಿದ್ದರೆ ಊರೇ ನಿಲ್ಲಲ್ಲ ಅಂದನಂತೆ.

ಹಡಗಿನ ಕತೆಗೆ ನನ್ನ ಉತ್ತರ ಇಷ್ಟೇ. ಹೇಗೆ ಹೋಗಬೇಕು ಅನ್ನೋದು ಚುಕ್ಕಾಣಿಗನ ವಿದ್ಯೆ. ಎಲ್ಲಿಗೆ ಹೋಗಬೇಕು ಅನ್ನೋದು ಹಡಗಿನಲ್ಲಿ ಕೂತವರ ಮಾತು.

ಹುಣಸೆಹಣ್ಣು · ಮಂಗಳವಾರ ರಾತ್ರಿ

ಎರಡು ದಿನದಿಂದ ಅರಿಸ್ಟಾಟಲ್ ಹೆಸರು ಬರಲಿ ಅಂತ ಕಾಯ್ತಾ ಇದ್ದೆ. ಯಾರೂ ಕರೆಯಲಿಲ್ಲ, ನಾನೇ ಕರ್ಕೊಂಡು ಬಂದೆ.

ಇಪ್ಪತ್ತು ವರ್ಷ ಪ್ಲೇಟೊನ ಶಾಲೆಯಲ್ಲಿದ್ದವನು ಇವನು. ಗುರುವಿನ ಹಡಗಿಗೆ ಇವನ ಉತ್ತರ ಒಂದು ಊಟ. ಒಬ್ಬನ ಖರ್ಚಿನ ಊಟಕ್ಕಿಂತ ಹತ್ತು ಮನೆಯಿಂದ ತಂದು ಹಂಚಿಕೊಳ್ಳುವ ಊಟ ಚೆನ್ನಾಗಿರಬಹುದು. ಹಾಗೆಯೇ ಒಬ್ಬೊಬ್ಬರು ದೊಡ್ಡ ಜಾಣರಲ್ಲದಿದ್ದರೂ ಎಲ್ಲ ಸೇರಿದಾಗ ಒಬ್ಬ ಜಾಣನಿಗಿಂತ ಚೆನ್ನಾಗಿ ತೀರ್ಮಾನ ಮಾಡಬಹುದು. ಇನ್ನೊಂದು ಮಾತು ನನಗೆ ಇದಕ್ಕಿಂತ ಇಷ್ಟ. ಮನೆ ಚೆನ್ನಾಗಿದೆಯಾ ಅಂತ ಹೇಳೋಕೆ ಕಟ್ಟಿದವನಿಗಿಂತ ಅದರಲ್ಲಿ ವಾಸ ಮಾಡುವವನೇ ಮೇಲು. ಅಡುಗೆ ಹೇಗಿದೆ ಅಂತ ಹೇಳಬೇಕಾದವನು ಅಡುಗೆಯವನಲ್ಲ, ಉಂಡವನು. ಚುಕ್ಕಾಣಿ ಚೆನ್ನಾಗಿದೆಯಾ ಅಂತ ಹೇಳೋಕೆ ಬಡಗಿಗಿಂತ ಚುಕ್ಕಾಣಿಗ ಮೇಲು ಅಂತಲೂ ಸೇರಿಸುತ್ತಾನೆ. ಗುರುವಿಗೆ ಬೇಕಂತಲೇ ಚುಚ್ಚಿದ್ದು ಅಂತ ನನ್ನ ಗುಮಾನಿ.

ಅರೆಟೆ ವಿಷಯದಲ್ಲೂ ಇವನ ದಾರಿ ನೆಲದ ಮೇಲಿದೆ. ಮನೆ ಕಟ್ಟಿ ಕಟ್ಟಿ ಮೇಸ್ತ್ರಿ ಆಗ್ತಾರೆ, ತಂತಿ ಮೀಟಿ ಮೀಟಿ ವಾದಕ ಆಗ್ತಾರೆ. ಹಾಗೆಯೇ ನ್ಯಾಯದ ಕೆಲಸ ಮಾಡ್ತಾ ಮಾಡ್ತಾ ನ್ಯಾಯವಂತ ಆಗೋದು. ಅವನ 'ನಡುದಾರಿ'ಯನ್ನು ಜನ ಸರಾಸರಿ ಅಂದುಕೊಳ್ಳುತ್ತಾರೆ, ಅದು ತಪ್ಪು. ಹತ್ತು ಪಾಲು ಊಟ ಜಾಸ್ತಿ, ಎರಡು ಪಾಲು ಕಡಿಮೆ ಅಂದಾಕ್ಷಣ ಎಲ್ಲರಿಗೂ ಆರು ಬಡಿಸೋದಲ್ಲ. ಮಿಲೊ ಅನ್ನೋ ಪೈಲ್ವಾನನಿಗೆ ಆರು ಸಾಲದು, ಗರಡಿಗೆ ಹೊಸದಾಗಿ ಸೇರಿದ ಹುಡುಗನಿಗೆ ಅದೇ ಜಾಸ್ತಿ. ಯಾರ ಮೇಲೆ, ಎಷ್ಟು, ಯಾವಾಗ ಸಿಟ್ಟು ಮಾಡಿಕೊಳ್ಳಬೇಕು ಅನ್ನೋದೂ ಹಾಗೇ.

ಸೈಕಿ ಬಗ್ಗೆ ಒಂದೇ ಮಾತು. ಕೊಡಲಿಗೆ ಜೀವ ಇದ್ದಿದ್ದರೆ ಅದರ ಕೊಡಲಿತನವೇ ಅದರ ಸೈಕಿ. ಕಣ್ಣು ಒಂದು ಪ್ರಾಣಿಯಾಗಿದ್ದರೆ ನೋಟವೇ ಅದರ ಸೈಕಿ. ಮೇಣ ಬೇರೆ, ಅದರ ಮೇಲಿನ ಅಚ್ಚು ಬೇರೆ ಅಂತ ಕೇಳ್ತೀವಾ? ಹಾಗೆಯೇ ದೇಹ ಬೇರೆ, ಜೀವ ಬೇರೆ ಅಂತ ಕೇಳೋದೂ.

ಕಲ್ಲುಬಂಡೆ ಹೇಳಿದ ಯಂತ್ರ, ಟೊಳ್ಳು ಬಿಲ್ಲೆ ಎಲ್ಲ ನಮಗೆ ಗೊತ್ತಾದದ್ದೂ ಇವನ ಶಾಲೆಯಿಂದಲೇ. 158 ಊರುಗಳ ಆಡಳಿತದ ವಿವರ ಅಲ್ಲಿ ಬರೆಸಿಟ್ಟಿದ್ದರು. ಉಳಿದದ್ದು ಹೆಚ್ಚುಕಮ್ಮಿ ಅಥೆನ್ಸಿನದೊಂದೇ. ಅದೂ ಈಜಿಪ್ಟಿನ ಯಾವುದೋ ಜಮೀನಿನ ಲೆಕ್ಕ ಬರೆದ ಹಾಳೆಗಳ ಹಿಂಬದಿಯಲ್ಲಿ ಸಿಕ್ಕಿ, 1891ರಲ್ಲಿ ಅಚ್ಚಾಯಿತು.

ಬಿಸಿಲೂರು · ಮಂಗಳವಾರ ರಾತ್ರಿ

ಹುಣಸೆಹಣ್ಣು ಅಕ್ಕಾ, ನಿಮ್ಮ ಅರಿಸ್ಟಾಟಲ್ ಕೆಲವರು ಹುಟ್ಟಿನಿಂದಲೇ ಗುಲಾಮರು ಅಂತ ಬರೆದದ್ದೂ ಆ ಊಟದ ಮಾತಿರುವ 'ಪಾಲಿಟಿಕ್ಸ್' ಪುಸ್ತಕದಲ್ಲೇ.

ಹುಣಸೆಹಣ್ಣು · ಮಂಗಳವಾರ ರಾತ್ರಿ

ಹೌದು. ಮೊದಲ ಭಾಗದಲ್ಲೇ ಇದೆ. ಅವನ ಕಾಲ ಹಾಗಿತ್ತು ಅಂತ ನಾನು ಸಮಜಾಯಿಷಿ ಕೊಡಲ್ಲ, ಯಾಕಂದ್ರೆ ಗುಲಾಮಗಿರಿ ಪ್ರಕೃತಿಗೆ ವಿರುದ್ಧ ಅನ್ನುವವರು ಆಗಲೇ ಇದ್ದರು ಅಂತ ಅವನೇ ಬರೆದಿದ್ದಾನೆ. ಕೇಳಿಯೂ ಒಪ್ಪಲಿಲ್ಲ. ಆ ಹಂಚಿಕೊಂಡು ಉಣ್ಣುವ ಊಟಕ್ಕೂ ಎಲ್ಲ ಬಗೆಯ ಜನ ಆಗಲ್ಲ ಅಂತ ಷರತ್ತು ಹಾಕುತ್ತಾನೆ.

ಪಿಂಚಣಿ ಮೇಷ್ಟ್ರು · ಬುಧವಾರ ಬೆಳಿಗ್ಗೆ

ಊಟದ ಮಾತು ಕೇಳಲು ಹಿತ. ಆದರೆ ಕ್ರಿ.ಪೂ. 406ರಲ್ಲಿ ಆ ಊಟ ಎಷ್ಟು ಕೆಟ್ಟಿತು ನೋಡಿ. ಅರ್ಗಿನೂಸೆ ದ್ವೀಪಗಳ ಹತ್ತಿರ ಅಥೆನ್ಸ್ ದೊಡ್ಡ ಸಮುದ್ರಯುದ್ಧ ಗೆದ್ದಿತು. ಬಿರುಗಾಳಿ ಎದ್ದು, ಒಡೆದ ಹಡಗುಗಳಲ್ಲಿದ್ದ ತಮ್ಮವರನ್ನು ಎತ್ತಿಕೊಳ್ಳಲಾಗಲಿಲ್ಲ. ಊರಿನಲ್ಲಿ ಸಿಟ್ಟು. ಎಂಟು ಸೇನಾಪತಿಗಳಿಗೆ ಒಟ್ಟಿಗೆ, ಒಂದೇ ಮತದಲ್ಲಿ ಮರಣದಂಡನೆ. ಬೇರೆ ಬೇರೆ ವಿಚಾರಣೆ ಆಗಬೇಕು ಅನ್ನುವುದು ಪದ್ಧತಿ. ಅದನ್ನು ಹೇಳಿದವರ ಮೇಲೆ ಜನ ಕೂಗಾಡಿದರು. ಆ ಹೊತ್ತಿಗೆ ಸಭೆ ನಡೆಸುವ ಸರದಿ ಆಂಟಿಯೋಕಿಸ್ ಕುಲದ್ದು. ಚೀಟಿಯಲ್ಲಿ ಹೆಸರು ಬಂದು ಸಾಕ್ರಟೀಸ್ ಅಲ್ಲಿ ಕೂತಿದ್ದ. ಇದು ಕಾನೂನಿಗೆ ವಿರುದ್ಧ, ನಾನು ಒಪ್ಪುವುದಿಲ್ಲ ಅಂದವನು ಅವನು. ಪ್ರಯೋಜನವಾಗಲಿಲ್ಲ. ಊರಿಗೆ ಮರಳಿದ್ದ ಆರು ಜನರನ್ನು ಕೊಂದರು. ಆಮೇಲೆ ಇದೇ ಜನ ಪಶ್ಚಾತ್ತಾಪ ಪಟ್ಟರು, ತಮ್ಮನ್ನು ಎತ್ತಿಕಟ್ಟಿದವರ ಮೇಲೇ ಕೇಸು ಹಾಕಿದರು.

ಕಲ್ಲುಬಂಡೆ · ಬುಧವಾರ ಸಂಜೆ

ಮೇಷ್ಟ್ರೇ, ನೀವು ಒಂದು ಹಡಗು ಬಿಟ್ಟಿರಿ, ನಾನು ಇನ್ನೊಂದು ಬಿಡ್ತೀನಿ. ಥುಸಿಡಿಡೀಸ್ ಬರೆದ ಅಥೆನ್ಸ್-ಸ್ಪಾರ್ಟಾ ಯುದ್ಧದ ಇತಿಹಾಸದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಜಾಗ.

427. ಲೆಸ್ಬೋಸ್ ದ್ವೀಪದ ಮಿಟಿಲೀನ್ ಊರು ಅಥೆನ್ಸಿನ ವಿರುದ್ಧ ದಂಗೆ ಎದ್ದು ಸೋತಿತು. ಸಿಟ್ಟಿನಲ್ಲಿ ಅಥೆನ್ಸಿನ ಸಭೆ ತೀರ್ಮಾನ ಮಾಡಿತು: ಗಂಡಸರೆಲ್ಲರನ್ನೂ ಕೊಲ್ಲಿ, ಹೆಂಗಸರು ಮಕ್ಕಳನ್ನು ಗುಲಾಮರಾಗಿಸಿ. ಆ ಆಜ್ಞೆ ಹೊತ್ತು ಹಡಗು ಹೊರಟೇ ಹೋಯಿತು. ರಾತ್ರಿ ಕಳೆಯಿತು. ಬೆಳಿಗ್ಗೆ ಎದ್ದವರಿಗೆ, ಇದೇನು ಮಾಡಿಬಿಟ್ಟೆವು ಅಂತ ಅನ್ನಿಸಿತು. ಮತ್ತೆ ಸಭೆ. ಕ್ಲಿಯೊನ್ ಎಂಬ ಮುಖಂಡ ಎದ್ದು, ಮಾತು ಬದಲಿಸಬೇಡಿ ಅಂದ. ಡಯೊಡೊಟಸ್ ಅನ್ನುವವನು ಎದ್ದು, ಕರುಣೆ ಅಂತಲ್ಲ, ಇವರನ್ನು ಕೊಂದರೆ ನಮಗೇ ನಷ್ಟ ಅಂತ ಲೆಕ್ಕ ಬಿಡಿಸಿ ಹೇಳಿದ. ಕೈಯೆತ್ತಿದಾಗ ಎರಡೂ ಕಡೆ ಹೆಚ್ಚುಕಮ್ಮಿ ಸಮ, ಕೂದಲೆಳೆಯಲ್ಲಿ ಡಯೊಡೊಟಸ್ ಗೆದ್ದ.

ತಕ್ಷಣ ಎರಡನೇ ಹಡಗು. ಮೊದಲನೆಯದು ಒಂದು ಹಗಲು ಒಂದು ರಾತ್ರಿಯಷ್ಟು ಮುಂದಿತ್ತು. ಹುಟ್ಟು ಹಾಕುವವರಿಗೆ ಜವೆಹಿಟ್ಟನ್ನು ಹೆಂಡದಲ್ಲಿ, ಎಣ್ಣೆಯಲ್ಲಿ ಕಲಸಿ ಕೊಟ್ಟರು. ಅದನ್ನು ತಿನ್ನುತ್ತಲೇ ಹುಟ್ಟು ಹಾಕಿದರು. ಸರದಿ ಮೇಲೆ ಮಲಗಿದರು, ಹಡಗು ನಿಲ್ಲಲಿಲ್ಲ. ಅದೃಷ್ಟಕ್ಕೆ ಎದುರುಗಾಳಿ ಇರಲಿಲ್ಲ. ಮೊದಲ ಹಡಗಿನವರಿಗೆ ಹೋಗುತ್ತಿದ್ದ ಕೆಲಸವೇ ಬೇಡವಾಗಿತ್ತು, ಅವರು ನಿಧಾನಕ್ಕೆ ಹೋಗಿದ್ದರು. ಸೇನಾಪತಿ ಆಜ್ಞೆ ಓದಿ ಮುಗಿಸಿ ಇನ್ನೇನು ಜಾರಿ ಮಾಡಬೇಕು, ಆಗ ಎರಡನೇ ಹಡಗು ಬಂತು.

ಪ್ಲೇಟೊನ ಹಡಗಿನಲ್ಲಿ ಇಂಥ ಎರಡನೇ ಹಡಗಿಗೆ ಜಾಗವೇ ಇಲ್ಲ. ಬಲ್ಲವನು ಚುಕ್ಕಾಣಿ ಹಿಡಿದ ಮೇಲೆ ತಪ್ಪು ಆಗೋದೇ ಇಲ್ಲ ಅಂತ ಅವನು ಹೊರಡುತ್ತಾನೆ. ಆದರೆ?

ಬಿಸಿಲೂರು · ಬುಧವಾರ ರಾತ್ರಿ

ಚಂದ ಬರೆದಿದ್ದೀರಿ. ಆದರೂ ದಂಗೆಯ ಮುಂದಾಳುಗಳು ಅಂತ ಸಾವಿರಕ್ಕೂ ಹೆಚ್ಚು ಜನರನ್ನು ಕೊಂದರು ಅಂತ ಅದೇ ಪುಟದಲ್ಲಿದೆ. ಹನ್ನೊಂದು ವರ್ಷದ ಮೇಲೆ ಮೆಲೋಸ್ ದ್ವೀಪಕ್ಕೂ ಅದೇ ಶಿಕ್ಷೆ. ಅಲ್ಲಿಗೆ ಎರಡನೇ ಹಡಗು ಹೋಗಲಿಲ್ಲ.

ತೆಂಗಿನಗರಿ · ಗುರುವಾರ ಬೆಳಿಗ್ಗೆ

ನಿನ್ನೆ ರಾತ್ರಿ ಇದನ್ನೇ ಯೋಚಿಸ್ತಾ ಇದ್ದೆ. ಊರಿಗೆ ಊರೇ ಲಿಯೊಂಟಿಯಸ್ ಆದ ಹಾಗೆ, ಅಲ್ವಾ? ರೋಷದಲ್ಲಿ ಓಡಿತು, ಬೆಳಿಗ್ಗೆ ತನಗೇ ಬೈದುಕೊಂಡಿತು. ದೊಡ್ಡಕ್ಷರ, ಸಣ್ಣಕ್ಷರದ ಹೋಲಿಕೆ ಪೂರ್ತಿ ಸುಳ್ಳಲ್ಲ ಅನ್ನಿಸಿತು. ಒಂದು ಊರಿನ ಒಳಗೂ ಬುದ್ಧಿ, ರೋಷ ಕಾದಾಡ್ತವೆ. ಆದರೆ ಬುದ್ಧಿ ಯಾವ ಗುಂಪಿನಲ್ಲಿತ್ತು? ಅದೇ ಜನರಲ್ಲಿ, ಒಂದು ರಾತ್ರಿ ಕಳೆದ ಮೇಲೆ. ಬಿಸಿಲೂರು ಮೊನ್ನೆ ಕೇಳಿದ್ದಕ್ಕೆ ನನ್ನ ಅರ್ಧ ಉತ್ತರ ಇದು.

ಹುಣಸೆಹಣ್ಣು, ನಿಮ್ಮ ಅಭ್ಯಾಸದ ಮಾತಿಗೂ ಒಂದು ಕೊಕ್ಕೆ ಉಂಟು. 'ರಿಪಬ್ಲಿಕ್'ನ ಹತ್ತನೇ ಭಾಗದಲ್ಲಿ ಎರ್ ಎಂಬ ಸೈನಿಕ ಸತ್ತು ಹನ್ನೆರಡನೇ ದಿನ ಚಿತೆಯ ಮೇಲೆ ಎದ್ದು ಕೂತು, ಆಚೆ ಕಂಡದ್ದನ್ನು ಹೇಳ್ತಾನೆ. ಜೀವಗಳು ಚೀಟಿಯ ಸರದಿಯಂತೆ ಮುಂದಿನ ಜನ್ಮ ಆರಿಸಿಕೊಳ್ಳಬೇಕು. ಮೊದಲ ಚೀಟಿ ಬಂದವನು ಓಡಿಹೋಗಿ ಎಲ್ಲಕ್ಕಿಂತ ದೊಡ್ಡ ಸರ್ವಾಧಿಕಾರಿಯ ಬದುಕನ್ನೇ ಎತ್ತಿಕೊಂಡ. ಆಮೇಲೆ ನೋಡಿದರೆ ತನ್ನ ಮಕ್ಕಳನ್ನೇ ತಿನ್ನುವ ಹಣೆಬರಹ ಅದರಲ್ಲಿತ್ತು. ಇವನು ಹಿಂದಿನ ಜನ್ಮದಲ್ಲಿ ಕೆಟ್ಟವನೇನಲ್ಲ. ಒಳ್ಳೆಯ ಊರಿನಲ್ಲಿ, ಬರೀ ಅಭ್ಯಾಸಬಲದಿಂದ ಒಳ್ಳೆಯವನಾಗಿ ಬದುಕಿದ್ದವನು! ಕೊನೆಯ ಚೀಟಿ ಹೋಮರನ ಕಾವ್ಯದ ವೀರ ಒಡಿಸ್ಯೂಸನದು. ಪಟ್ಟ ಕಷ್ಟವೆಲ್ಲ ನೆನಪಿತ್ತು. ಬಹಳ ಹೊತ್ತು ಹುಡುಕಿ, ಯಾರಿಗೂ ಬೇಡವಾಗಿ ಮೂಲೆಯಲ್ಲಿ ಬಿದ್ದಿದ್ದ ಒಬ್ಬ ಸಾಮಾನ್ಯನ ಬದುಕನ್ನು ಎತ್ತಿಕೊಂಡು, ಮೊದಲ ಚೀಟಿ ಬಂದಿದ್ದರೂ ಇದನ್ನೇ ಆರಿಸ್ತಿದ್ದೆ ಅಂದ.

ಹುಣಸೆಹಣ್ಣು · ಗುರುವಾರ ಮಧ್ಯಾಹ್ನ

ಅರಿಸ್ಟಾಟಲ್ ಇದ್ದಿದ್ದರೆ, ಆ ಮೊದಲನೆಯವನಿಗೆ ಅರೆಟೆ ಇರಲೇ ಇಲ್ಲ ಅಂತಿದ್ದ. ಕೆಲಸ ಒಳ್ಳೆಯದಾಗಿದ್ದರೆ ಸಾಲದು. ಏನು ಮಾಡ್ತಿದ್ದೀನಿ ಅಂತ ತಿಳಿದು ಮಾಡಬೇಕು, ಅದಕ್ಕೋಸ್ಕರವೇ ಆರಿಸಿಕೊಂಡು ಮಾಡಬೇಕು, ಅಲುಗಾಡದ ಸ್ವಭಾವದಿಂದ ಮಾಡಬೇಕು. ನಿಮ್ಮವನು ಅಕ್ಕಪಕ್ಕದವರನ್ನು ನೋಡಿ ಮಾಡಿದ್ದ. ಆದರೂ ಕೊಕ್ಕೆ ಸರಿಯಾಗೇ ಸಿಕ್ಕಿಸಿದಿರಿ, ಇನ್ನೊಂದು ಸಲ ಓದಬೇಕು.

ಓದುಗೂಬೆ · ಭಾನುವಾರ ಮಧ್ಯಾಹ್ನ

ಒಂದು ವಾರದಲ್ಲಿ ಇಷ್ಟೊಂದು ಆಗುತ್ತೆ ಅಂದುಕೊಂಡಿರಲಿಲ್ಲ. ಇವತ್ತು ನಿಮ್ಮ ಮಾತನ್ನೆಲ್ಲ ಗೆಳೆಯರಿಗೆ ಓದಿ ಹೇಳಿದೆ. ಮಿಟಿಲೀನ್ ಹಡಗಿನ ಹತ್ತಿರ ಬಂದಾಗ ಯಾರೂ ಮಾತಾಡಲಿಲ್ಲ. ಬಿಸಿಲೂರು ಅವರ ಒರೆಗಲ್ಲಿನ ಪ್ರಶ್ನೆಗೆ ಮತ್ತೆ ಜಗಳ.

ಮುಂದಿನ ವಾರ ಏಳನೇ ಭಾಗ, ಗುಹೆಯ ಕತೆ. ಯಾರು ಓದಿ ವಿವರಿಸಬೇಕು ಅಂತ ಕಲ್ಲುಬಂಡೆ ಅವರ ಪ್ರಭಾವದಿಂದ ಚೀಟಿ ಎತ್ತಿದೆವು. ನಮ್ಮಲ್ಲಿ ಒಬ್ಬ ತತ್ವಶಾಸ್ತ್ರ ಎಂ.ಎ. ಮಾಡಿಕೊಂಡವನಿದ್ದಾನೆ. ಚೀಟಿ ಬಂದದ್ದು ನನಗೆ.